ಹಳೆ ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳ ರೇಸ್ ವೀಕೆಂಡ್: ಗುಡ್‌ವುಡ್‌ಗೆ ಹೋಗೋದಾ, ಸಣ್ಣ ಕ್ಲಬ್ ರೇಸಿಗಾ?

ರೆಡಿಂಗ್_ರಾಘು

ಎಲ್ಲರಿಗೂ ನಮಸ್ಕಾರ. ನಾವು ನಾಲ್ವರು ಗೆಳೆಯರು, ಎಲ್ಲರಿಗೂ ಇಂಗ್ಲೆಂಡಿನಲ್ಲೇ ಕೆಲಸ. ಒಬ್ಬ ಧಾರವಾಡದವನು, ಒಬ್ಬ ಪುತ್ತೂರಿನವನು, ಉಳಿದಿಬ್ಬರು ಹಾಸನದ ಕಡೆಯವರು. ಕಾರಿನ ಹುಚ್ಚು ಎಲ್ಲರಿಗೂ ಇದೆ, ಆದರೆ ಇದುವರೆಗೆ ನೋಡಿದ್ದೆಲ್ಲ ಟಿವಿಯಲ್ಲಿ ಬರುವ ಫಾರ್ಮುಲಾ ಒನ್ ಮಾತ್ರ. ಈ ವರ್ಷ ಒಂದು ವೀಕೆಂಡ್ ಪೂರ್ತಿ ಹಳೆ ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳ ರೇಸ್ ನೋಡಲೇಬೇಕು ಅಂತ ತೀರ್ಮಾನ ಆಗಿದೆ. ಎಂಜಿ, ಟ್ರಯಂಫ್, ಆಸ್ಟಿನ್ ಹೀಲಿ, ಲೋಟಸ್, ಜಾಗ್ವಾರ್, ಇಂಥವು. ಮ್ಯೂಸಿಯಂನಲ್ಲಿ ಹಗ್ಗ ಕಟ್ಟಿ ನಿಲ್ಲಿಸಿದ್ದಲ್ಲ, ಓಡೋದನ್ನು ನೋಡಬೇಕು.

ಜಗಳ ಶುರುವಾಗಿರುವುದು ಎಲ್ಲಿಗೆ ಹೋಗಬೇಕು ಅನ್ನುವುದರಲ್ಲಿ. ಧಾರವಾಡದವನು ಗುಡ್‌ವುಡ್ ರಿವೈವಲ್, ಅಂದರೆ ಸಸೆಕ್ಸಿನ ಗುಡ್‌ವುಡ್ ಟ್ರ್ಯಾಕಿನಲ್ಲಿ ನಡೆಯುವ ಹಳೆ ಕಾರುಗಳ ದೊಡ್ಡ ರೇಸ್ ಹಬ್ಬ, ಅದು ಬಿಟ್ಟು ಬೇರೆ ಮಾತೇ ಬೇಡ ಅಂತಾನೆ. ಪುತ್ತೂರಿನವನು ಅದಕ್ಕೆ ದುಡ್ಡು ಜಾಸ್ತಿ, ಜನ ಜಾಸ್ತಿ, ಸೂಟು ಹ್ಯಾಟು ಬೇರೆ ಹಾಕ್ಕೊಂಡು ಹೋಗಬೇಕು, ಯಾವುದಾದರೂ ಸಣ್ಣ ಕ್ಲಬ್ಬಿನ ರೇಸಿಗೆ ಹೋಗೋಣ ಅಂತಾನೆ. ಜೊತೆಗೆ ಆ ಹೊತ್ತಿಗೆ ನಮ್ಮ ಮಾವನವರು ಊರಿನಿಂದ ಬಂದಿರುತ್ತಾರೆ. ವಯಸ್ಸು ಎಪ್ಪತ್ತು ದಾಟಿದೆ. ನಡೆಯುತ್ತಾರೆ, ಆದರೆ ದಿನವಿಡೀ ನಿಲ್ಲುವುದು ಕಷ್ಟ. ಒಂದು ಕಾಲದಲ್ಲಿ ಅವರ ಹತ್ತಿರ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು ಇತ್ತು, ಹಾಗಾಗಿ ಮನೆಯಲ್ಲಿ ಬಿಟ್ಟು ಹೋಗುವ ಮಾತೇ ಇಲ್ಲ.

ಹೋಗಿ ಬಂದವರು ಹೇಳಿ. ಯಾವುದು ಒಳ್ಳೆಯದು? ಎಲ್ಲಿ ನಿಂತರೆ ಚೆನ್ನಾಗಿ ಕಾಣುತ್ತದೆ? ನಮ್ಮಲ್ಲಿ ಇಬ್ಬರು ಪೂರ್ತಿ ಸಸ್ಯಾಹಾರಿಗಳು, ಊಟದ ಗತಿ ಏನು? ಹೋಗುವ ಮುಂಚೆ ಏನಾದರೂ ತಿಳಿದುಕೊಂಡಿದ್ದರೆ ಜಾಸ್ತಿ ಮಜಾ ಬರುತ್ತದಾ?

ಸಸೆಕ್ಸ್_ಶಾಲಿನಿ

ಮೊದಲ ಸಲ ಹೋಗುತ್ತಿದ್ದೀರಿ ಅಂದರೆ ಕಣ್ಣು ಮುಚ್ಚಿ ರಿವೈವಲ್ ಅನ್ನುತ್ತೇನೆ. ನಾನು ಚಿಚೆಸ್ಟರ್ ಹತ್ತಿರವೇ ಇರುವುದು, ಅದಕ್ಕೆ ಸ್ವಲ್ಪ ಪಕ್ಷಪಾತ ಇದೆ ಅಂದುಕೊಳ್ಳಿ.

ಮೊದಲು ಜಾಗದ ಕತೆ ಹೇಳುತ್ತೇನೆ, ಅದು ಗೊತ್ತಿದ್ದರೆ ನೋಡುವ ಕಣ್ಣೇ ಬೇರೆ ಆಗುತ್ತದೆ. ಎರಡನೇ ಮಹಾಯುದ್ಧದಲ್ಲಿ ಇದು ವೆಸ್ಟ್‌ಹ್ಯಾಂಪ್ನೆಟ್ ಅನ್ನುವ ಯುದ್ಧವಿಮಾನಗಳ ನೆಲೆ. ಎರಡೂ ಕಾಲಿಲ್ಲದ ಪೈಲಟ್ ಡಗ್ಲಸ್ ಬೇಡರ್ 1941ರ ಆಗಸ್ಟಿನಲ್ಲಿ ಇಲ್ಲಿಂದ ಹಾರಿ ಹೋಗಿಯೇ ಜರ್ಮನ್ನರ ಕೈಗೆ ಸಿಕ್ಕಿಬಿದ್ದದ್ದು. ವಿಮಾನ ನೆಲೆಯ ಸುತ್ತ ಒಂದು ರಸ್ತೆ ಇತ್ತಲ್ಲ, ಯುದ್ಧ ಮುಗಿದ ಮೇಲೆ ಅದೇ ರೇಸ್ ಟ್ರ್ಯಾಕ್ ಆಯಿತು. 1948ರ ಸೆಪ್ಟೆಂಬರ್ 18ಕ್ಕೆ ಮೊದಲ ರೇಸ್. ಆವತ್ತು 500 ಸಿಸಿ ರೇಸ್ ಗೆದ್ದ ಹುಡುಗನ ಹೆಸರು ಸ್ಟರ್ಲಿಂಗ್ ಮಾಸ್. ಅದೇ ಮಾಸ್ 1962ರ ಈಸ್ಟರ್ ಸೋಮವಾರ ಇದೇ ಟ್ರ್ಯಾಕಿನ ಸೇಂಟ್ ಮೇರೀಸ್ ತಿರುವಿನ ಹತ್ತಿರ ಗುದ್ದಿ, ಸುಮಾರು ಒಂದು ತಿಂಗಳು ಪ್ರಜ್ಞೆ ಇಲ್ಲದೆ ಮಲಗಿದರು. ದೊಡ್ಡ ರೇಸಿಂಗ್ ಬದುಕು ಅಲ್ಲಿಗೇ ಮುಗಿಯಿತು.

1966ಕ್ಕೆ ರೇಸ್ ನಿಲ್ಲಿಸಿದರು. ಕಾರುಗಳ ವೇಗ ಆ ಟ್ರ್ಯಾಕಿಗೆ ತೀರಾ ಜಾಸ್ತಿಯಾಗಿತ್ತು. 1965ರಲ್ಲೇ ಜಿಮ್ ಕ್ಲಾರ್ಕ್, ಜಾಕಿ ಸ್ಟುವರ್ಟ್ ಇಬ್ಬರೂ 1 ನಿಮಿಷ 20.4 ಸೆಕೆಂಡಿಗೆ ಒಂದು ಸುತ್ತು ಮುಗಿಸಿದ್ದರು, ಅಂದರೆ ಸರಾಸರಿ ಗಂಟೆಗೆ 107 ಮೈಲಿ. ತಿರುವುಗಳನ್ನು ಬದಲಾಯಿಸಿ ವೇಗ ಇಳಿಸಲು ಮಾಲೀಕರಾದ ಡ್ಯೂಕ್ ಆಫ್ ರಿಚ್ಮಂಡ್ ಒಪ್ಪಲಿಲ್ಲ. ನಮಗೆ ಅದೇ ಒಳ್ಳೆಯದಾಯಿತು ನೋಡಿ, ಯಾರೂ ಮುಟ್ಟದ ಕಾರಣ ಟ್ರ್ಯಾಕ್ ಹಾಗೇ ಉಳಿಯಿತು. 1998ರಲ್ಲಿ ಅವರ ಮೊಮ್ಮಗ ಮತ್ತೆ ತೆರೆದರು, ಅದೇ ರಿವೈವಲ್.

ಸೆಪ್ಟೆಂಬರಿನಲ್ಲಿ ಶುಕ್ರವಾರದಿಂದ ಭಾನುವಾರದವರೆಗೆ ನಡೆಯುತ್ತದೆ. ಶುಕ್ರವಾರ ಹೆಚ್ಚಾಗಿ ಅಭ್ಯಾಸ, ಜನ ಕಡಿಮೆ, ಮಾವನವರಿಗೆ ಆ ದಿನ ಚೆನ್ನ. ಶನಿವಾರ, ಭಾನುವಾರ ನಿಜವಾದ ರೇಸ್. ಭಾನುವಾರದ ಟೂರಿಸ್ಟ್ ಟ್ರೋಫಿ ರೇಸ್ ತಪ್ಪಿಸಬೇಡಿ. ಒಂದು ಗಂಟೆಯ ರೇಸ್, ಒಂದು ಕಾರಿಗೆ ಇಬ್ಬರು ಡ್ರೈವರ್. ಇ-ಟೈಪ್ ಜಾಗ್ವಾರ್, ಆಸ್ಟನ್ ಮಾರ್ಟಿನ್, ಕೋಬ್ರಾ ಎಲ್ಲ ಒಟ್ಟಿಗೆ ಮ್ಯಾಡ್ಜ್‌ವಿಕ್ ತಿರುವಿಗೆ ನುಗ್ಗುವುದನ್ನು ನೋಡಿದರೆ ಟಿಕೆಟ್ ದುಡ್ಡು ಅಲ್ಲೇ ವಸೂಲಿ. ಇನ್ನೊಂದು, ಮಕ್ಕಳು ಆಸ್ಟಿನ್ ಜೆ40 ಪೆಡಲ್ ಕಾರಿನಲ್ಲಿ ಓಡಿಸುವ ರೇಸ್. ನಗಬೇಡಿ, ಆ ಪೆಡಲ್ ಕಾರಿಗೂ ಒಂದು ಇತಿಹಾಸ ಇದೆ. ವೇಲ್ಸಿನ ಬಾರ್ಗೋಡ್ ಊರಿನಲ್ಲಿ, ಕಲ್ಲಿದ್ದಲು ಗಣಿಯ ಧೂಳಿನಿಂದ ಶ್ವಾಸಕೋಶ ಹಾಳಾದ ಕೆಲಸಗಾರರಿಗೆ ಕೆಲಸ ಕೊಡಲು ಅಂತಲೇ 1949ರಲ್ಲಿ ಆಸ್ಟಿನ್ ಕಂಪನಿ ಕಾರ್ಖಾನೆ ತೆರೆದು ಅಲ್ಲಿ ಇವನ್ನು ಮಾಡಿಸುತ್ತಿತ್ತು. ದೊಡ್ಡ ಕಾರುಗಳಿಗೆ ತಗಡು ಕತ್ತರಿಸಿ ಉಳಿದ ಚೂರುಗಳೇ ಇವಕ್ಕೆ ಬಾಡಿ.

ನಿಲ್ಲುವ ಜಾಗ: ಎಲ್ಲರೂ ಶಿಕೇನ್ ಅನ್ನುವ ಅಂಕುಡೊಂಕು ತಿರುವಿನ ಹತ್ತಿರ ಮುಗಿಬೀಳುತ್ತಾರೆ. ನೀವು ಸೇಂಟ್ ಮೇರೀಸ್, ಲ್ಯಾವಂಟ್ ತಿರುವುಗಳ ಕಡೆ ಹೋಗಿ. ಮಡಚುವ ಕುರ್ಚಿ ತಗೊಂಡು ಹೋಗಿ, ಊಟವೂ ಮನೆಯಿಂದಲೇ. ಅಲ್ಲಿ ಬುತ್ತಿ ಬಿಚ್ಚಿ ಕೂರುವುದು ಮಾಮೂಲಿ. ನಾವು ಪುಳಿಯೋಗರೆ, ಚಪಾತಿ, ಶೇಂಗಾ ಚಟ್ನಿಪುಡಿ ಒಯ್ಯುತ್ತೇವೆ. ಟಿಕೆಟ್ ಮಾತ್ರ ಮುಂಚೆಯೇ ಕೊಂಡಿರಬೇಕು, ಗೇಟಿನಲ್ಲಿ ಸಿಗುತ್ತದೆ ಅಂತ ಹೋಗಬೇಡಿ.

ತಕರಾರು_ತಮ್ಮಯ್ಯ

ಶಾಲಿನಿ ಮೇಡಂ ಚೆನ್ನಾಗಿ ಬರೆದಿದ್ದಾರೆ, ಆದರೆ ಅಡ್ಡ ಮಾತಾಡುವವನು ಒಬ್ಬ ಬೇಕಲ್ಲ. ನನ್ನ ಕಣ್ಣಿಗೆ ರಿವೈವಲ್ ಅಂದರೆ ಶ್ರೀಮಂತರ ಫ್ಯಾನ್ಸಿ ಡ್ರೆಸ್. ಕೋಟಿಗಟ್ಟಲೆ ಬೆಲೆಯ ಕಾರನ್ನು ಗುದ್ದಿಸಿಕೊಂಡು ನಗುತ್ತಾ ಬರುತ್ತಾರೆ. ಅದರಲ್ಲಿ ಎಷ್ಟು ನಿಜವಾದ ಹಳೆ ಕಾರು, ಎಷ್ಟು ನಿನ್ನೆ ಮೊನ್ನೆ ಮಾಡಿದ್ದು ಅಂತ ದೂರದಿಂದ ನೋಡುವವರಿಗೆ ಗೊತ್ತೇ ಆಗುವುದಿಲ್ಲ. ಜಾಗ್ವಾರ್ ಸಿ-ಟೈಪ್ ಅನ್ನುವ ರೇಸ್ ಕಾರು ಆವಾಗ ಮಾಡಿದ್ದು 53. ಇವತ್ತು ಸಿ-ಟೈಪ್ ಥರ ಕಾಣುವ ಕಾರು ಲೆಕ್ಕ ಹಾಕಿದರೆ ಅದಕ್ಕಿಂತ ಎಷ್ಟೋ ಜಾಸ್ತಿ ಇವೆ. ಲೈಟ್‌ವೈಟ್ ಇ-ಟೈಪ್ ಕತೆ ಇನ್ನೂ ಚೆನ್ನಾಗಿದೆ. 1960ರ ದಶಕದಲ್ಲಿ 18 ಮಾಡುತ್ತೇವೆ ಅಂತ ನಂಬರ್ ಇಟ್ಟುಕೊಂಡು 12 ಮಾಡಿ ನಿಲ್ಲಿಸಿದ್ದರು. ಉಳಿದ ಆರನ್ನು 2014ರಲ್ಲಿ ಶುರು ಮಾಡಿ ಅದೇ ಕಂಪನಿ, ಅಂದರೆ ಅಷ್ಟು ಹೊತ್ತಿಗೆ ನಮ್ಮ ಟಾಟಾ ಕೈಗೆ ಬಂದಿದ್ದ ಜಾಗ್ವಾರ್, ಹೊಸದಾಗಿ ಮಾಡಿ ಮಾರಿತು. ಐವತ್ತು ವರ್ಷ ತಡವಾಗಿ ಹುಟ್ಟಿದ ಕಾರು. ಅದನ್ನು ಹಳೆಯದು ಅನ್ನಬೇಕೋ ಹೊಸದು ಅನ್ನಬೇಕೋ ನೀವೇ ಹೇಳಿ.

ಮತ್ತೆ, ರಿವೈವಲ್‌ನಲ್ಲಿ ರೇಸ್ ಪ್ಯಾಡಾಕ್ (ಕಾರುಗಳನ್ನು ನಿಲ್ಲಿಸಿ ಸಿದ್ಧ ಮಾಡುವ ಅಂಗಳ) ಒಳಗೆ ಟಿಕೆಟ್ ಇದ್ದವರಿಗೆಲ್ಲ ಪ್ರವೇಶ ಇಲ್ಲ. ಕಾರನ್ನು ಹತ್ತಿರದಿಂದ ನೋಡಿ, ಮಾಲೀಕನ ಜೊತೆ ಮಾತಾಡದೆ ಬರೋದಾದರೆ ಟಿವಿಯಲ್ಲೇ ನೋಡಬಹುದಲ್ವಾ?

ನನ್ನ ಓಟು ಪುತ್ತೂರಿನ ಗೆಳೆಯನಿಗೆ. ವಿಂಟೇಜ್ ಸ್ಪೋರ್ಟ್ಸ್ ಕಾರ್ ಕ್ಲಬ್ಬಿನವರು ಪ್ರೆಸ್ಕಾಟ್‌ನಲ್ಲೋ ಶೆಲ್ಸ್ಲಿ ವಾಲ್ಷ್‌ನಲ್ಲೋ ನಡೆಸುವ ಗುಡ್ಡ ಹತ್ತುವ ರೇಸಿಗೆ ಹೋಗಿ. 1934ರಲ್ಲಿ ಶುರುವಾದ ಕ್ಲಬ್ಬು ಅದು. ಶೆಲ್ಸ್ಲಿಯಲ್ಲಿ 1905ರಿಂದ ಕಾರು ಓಡುತ್ತಿವೆ, ಉದ್ದ ಬರೀ 1000 ಗಜ. ಒಂದೊಂದೇ ಕಾರು ಒಂಟಿಯಾಗಿ ಗಡಿಯಾರದ ವಿರುದ್ಧ ಓಡುತ್ತದೆ, ಒಂದು ನಿಮಿಷದ ಒಳಗೆ ಎಲ್ಲ ಮುಗಿಯುತ್ತದೆ, ಮತ್ತೆ ಮುಂದಿನದು. ನಿಮ್ಮ ಪುತ್ತೂರಿನವನಿಗೆ ಕಂಬಳ ಅಂತ ಹೇಳಿ, ಒಂದೇ ಮಾತಿಗೆ ಅರ್ಥ ಆಗುತ್ತದೆ: ಓಟ ಚಿಕ್ಕದು, ಸೆಕೆಂಡಿನ ಲೆಕ್ಕ, ಉಳಿದ ಹೊತ್ತೆಲ್ಲ ಓಡುವವುಗಳ ಮಧ್ಯವೇ ತಿರುಗಾಟ. ಅಲ್ಲಿ ಪ್ಯಾಡಾಕ್ ಎಲ್ಲರಿಗೂ ತೆರೆದಿರುತ್ತದೆ. ಚೈನಿನಿಂದ ಹಿಂದಿನ ಚಕ್ರ ತಿರುಗಿಸುವ ಫ್ರೇಜರ್ ನ್ಯಾಶ್, ಪುಟಾಣಿ ಆಸ್ಟಿನ್ ಸೆವೆನ್, ಅದೃಷ್ಟ ಇದ್ದರೆ ಇಆರ್‌ಎ. ಈ ಇಆರ್‌ಎ 1930ರ ದಶಕದಲ್ಲಿ ಲಿಂಕನ್‌ಶೈರಿನ ಬೋರ್ನ್ ಊರಿನಲ್ಲಿ ತಯಾರಾಗುತ್ತಿದ್ದ ರೇಸ್ ಕಾರು. ಅದನ್ನು ಓಡಿಸಿ ಹೆಸರು ಮಾಡಿದವರಲ್ಲಿ ಸಯಾಮಿನ ರಾಜಕುಮಾರ ಬೀರಾ ಒಬ್ಬ. ಆ ಕಾಲಕ್ಕೇ ನಮ್ಮ ಏಷ್ಯಾದವನೊಬ್ಬ ಇಂಗ್ಲಿಷರ ಕಾರಿನಲ್ಲಿ ಇಂಗ್ಲಿಷರನ್ನೇ ಸೋಲಿಸುತ್ತಿದ್ದ, ಇದನ್ನು ನೆನೆಸಿಕೊಂಡರೆ ನನಗೆ ಸುಮ್ನೆ ಖುಷಿ.

ಒಂದು ಎಚ್ಚರಿಕೆ. ಈ ಕ್ಲಬ್ಬಿನಲ್ಲಿ ಯುದ್ಧಕ್ಕೆ ಮುಂಚಿನ ಕಾರುಗಳೇ ಜಾಸ್ತಿ. ಎಂಜಿಎ, ಟ್ರಯಂಫ್ ಟಿಆರ್3, ಇ-ಟೈಪ್ ನೋಡಬೇಕಾದರೆ ಬೇರೆ ಕ್ಲಬ್ಬಿನ ರೇಸ್ ಹುಡುಕಬೇಕು.

ಮಲ್ಲೇಶ್ವರಂ_ಮೆಕ್ಯಾನಿಕ್

ನಾನು ಇಂಗ್ಲೆಂಡಿನಲ್ಲಿಲ್ಲ, ಬೆಂಗಳೂರಿನಲ್ಲೇ ಇದ್ದೀನಿ. ಆದರೆ ರಾಘು ಅವರ ಕೊನೆಯ ಪ್ರಶ್ನೆಗೆ, ಅಂದರೆ ಏನು ತಿಳಿದುಕೊಂಡು ಹೋಗಬೇಕು ಅನ್ನುವುದಕ್ಕೆ ನನ್ನ ಹತ್ತಿರ ಉತ್ತರ ಇದೆ. ಮೊದಲು ಮಾವನವರ ಹತ್ತಿರ ಕೂತು ಹೆರಾಲ್ಡ್ ಕತೆ ಕೇಳಿ. ಅರ್ಧ ಪಾಠ ಅಲ್ಲೇ ಆಗುತ್ತದೆ.

ಯಾಕೆ ಅಂದರೆ, 1961ರಿಂದ ಮದ್ರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಅನ್ನುವುದು ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡೇ. 1962ರಲ್ಲಿ ಬಂದ ಟ್ರಯಂಫ್ ಸ್ಪಿಟ್‌ಫೈರ್ ಸ್ಪೋರ್ಟ್ಸ್ ಕಾರನ್ನು ಮಾಡಿದ್ದು ಇದೇ ಹೆರಾಲ್ಡಿನ ಸಾಮಾನು ಇಟ್ಟುಕೊಂಡು. ಚಾಸಿಯ ಮೂಲ, ಮುಂದಿನ ಸಸ್ಪೆನ್ಶನ್, ಎಂಜಿನ್ ಎಲ್ಲ ಅದೇ ಮನೆತನ. ಎರಡನ್ನೂ ಚಿತ್ರಿಸಿದವನು ಒಬ್ಬನೇ, ಇಟಲಿಯ ಮಿಕೆಲೊಟ್ಟಿ. ಹೆರಾಲ್ಡ್ ಬಾನೆಟ್ ನೆನಪಿದೆಯಾ, ಮಡ್‌ಗಾರ್ಡ್ ಸಮೇತ ಇಡೀ ಮೂತಿ ಮುಂದಕ್ಕೆ ಮಗುಚುತ್ತಿತ್ತು? ಸ್ಪಿಟ್‌ಫೈರ್ ಕೂಡ ಹಾಗೇ. ಪ್ಯಾಡಾಕ್‌ನಲ್ಲಿ ಅದು ಬಾಯಿ ತೆರೆದು ನಿಂತಿದ್ದರೆ ಮಾವನವರು ನಿಮಗಿಂತ ಮುಂಚೆ ಟ್ಯಾಪೆಟ್ ಕವರ್ ಗುರುತು ಹಿಡಿಯುತ್ತಾರೆ, ನೋಡಿ ಬೇಕಾದರೆ.

ಹಿಂದಿನ ಚಕ್ರಗಳನ್ನೂ ನೋಡಿ. ಹೆರಾಲ್ಡಿನದು ಸ್ವಿಂಗ್ ಆಕ್ಸಲ್, ಅಂದರೆ ಎರಡು ಹಿಂಚಕ್ರಕ್ಕೂ ಬೇರೆ ಬೇರೆಯಾಗಿ ತೂಗಾಡುವ ಅರ್ಧರ್ಧ ಆಕ್ಸಲ್. ತಿರುವಿನ ಮಧ್ಯೆ ಗಾಬರಿಯಾಗಿ ಆಕ್ಸಿಲರೇಟರ್ ಬಿಟ್ಟರೆ ಕಾರಿನ ಹಿಂಭಾಗ ಮೇಲೇಳುತ್ತದೆ, ಹೊರಗಿನ ಚಕ್ರ ಒಳಕ್ಕೆ ಮಡಚಿಕೊಂಡು ಹಿಡಿತ ತಪ್ಪುತ್ತದೆ. ಮೊದಲಿನ ಸ್ಪಿಟ್‌ಫೈರ್‌ಗೂ ಅದೇ ರೋಗ. ನಮ್ಮ ದೇಶದ ರಸ್ತೆಗೂ ಮೆಕ್ಯಾನಿಕ್‌ಗಳಿಗೂ ಇದು ಒಗ್ಗಲಿಲ್ಲ. ಮುಂದೆ ಅದೇ ಕಂಪನಿಯ ಗೆಜೆಲ್ ಕಾರು ಬಂದಾಗ ಸ್ವಿಂಗ್ ಆಕ್ಸಲ್ ಕಿತ್ತು ಹಾಕಿ ಮಾಮೂಲಿ ಗಟ್ಟಿ ಆಕ್ಸಲ್ ಕೂರಿಸಿದರು. ರೇಸಿನಲ್ಲಿ ಸ್ಪಿಟ್‌ಫೈರ್ ತಿರುವಿಗೆ ಬಂದಾಗ ಡ್ರೈವರ್ ಕಾಲು ತೆಗೆಯದೆ ಹೇಗೆ ನಿಭಾಯಿಸುತ್ತಾನೆ ಅಂತ ನೋಡಿದರೆ ಅವನಿಗೆ ಎಷ್ಟು ಬರುತ್ತದೆ ಅಂತ ಗೊತ್ತಾಗಿ ಹೋಗುತ್ತದೆ.

ಎಂಜಿಎ ನೋಡಿದರೆ ಇನ್ನೂ ಮಜಾ. 1955ರ ಎಂಜಿಎ 1500ರಲ್ಲಿ ಇರುವುದು ಬ್ರಿಟಿಷ್ ಮೋಟಾರ್ ಕಾರ್ಪೊರೇಶನ್ (ಬಿಎಂಸಿ) ಕಂಪನಿಯ ಬಿ-ಸೀರೀಸ್ ಎಂಜಿನ್, 1489 ಸಿಸಿ. ಎಲ್ಲೋ ಕೇಳಿದ ನಂಬರ್ ಅನ್ನಿಸುತ್ತಾ? ನಮ್ಮ ಅಂಬಾಸಿಡರ್ ಪೆಟ್ರೋಲ್ ಎಂಜಿನ್ನೂ 1489 ಸಿಸಿಯೇ, ಅದೇ ಬಿ-ಸೀರೀಸ್. ಎಂಜಿಎಗೆ ಎರಡು ಎಸ್‌ಯು ಕಾರ್ಬುರೇಟರ್, ಕಂಪ್ರೆಶನ್ ಜಾಸ್ತಿ, ಕ್ಯಾಮ್ ಬೇರೆ, ಅಷ್ಟೇ. ನಮ್ಮ ಗ್ಯಾರೇಜಿನ ಹಳಬರು ಎಸ್‌ಯು ಕಾರ್ಬುರೇಟರಿನ ಮೇಲಿರುವ ಡ್ಯಾಶ್‌ಪಾಟ್ ಅನ್ನುವ ಡಬ್ಬಿಯ ಮುಚ್ಚಳ ತಿರುಗಿಸಿ, ನಾಲ್ಕು ಹನಿ ಎಂಜಿನ್ ಆಯಿಲ್ ಹಾಕಿ, ಪಿಸ್ಟನ್ ಎತ್ತಿ ಬಿಟ್ಟು 'ಟಕ್' ಅನ್ನುತ್ತಾ ಅಂತ ಕಿವಿಗೊಟ್ಟು ಕೇಳುತ್ತಿದ್ದರು. ಅಲ್ಲಿ ಪ್ಯಾಡಾಕ್‌ನಲ್ಲೂ ಇದನ್ನೇ ಮಾಡುತ್ತಾರೆ. ಮದುವೆ ದಿಬ್ಬಣದ ಅಂಬಾಸಿಡರ್ ಎಂಜಿನ್ನಿನ ಅಣ್ಣ ಗೇರಿಗೆ ಗೇರು ಬದಲಾಯಿಸುತ್ತಾ ಕೂಗಿಕೊಂಡು ಹೋಗುವುದನ್ನು ಒಂದು ಸಲ ಕೇಳಬೇಕು ಅಂತ ನನಗೂ ಆಸೆ. ಯಾರಾದರೂ ವಿಡಿಯೋ ಹಾಕಿ ಪುಣ್ಯ ಕಟ್ಟಿಕೊಳ್ಳಿ. ಹಿನ್ನೆಲೆಗೆ ಹಾಡು ಸೇರಿಸಬೇಡಿ.

ಸ್ಪ್ಯಾನರ್_ಸ್ವಾಮಿ

ಮೆಕ್ಯಾನಿಕ್ ಸಾರ್‌ಗೆ ದೊಡ್ಡ ನಮಸ್ಕಾರ, ವಿಡಿಯೋ ಹಾಕುತ್ತೇನೆ.

ರಾಘು, ನಾನು ಮಿಡ್‌ಲ್ಯಾಂಡ್ಸ್‌ನಲ್ಲಿರುವವನು. ಆಫೀಸಿನ ಗೆಳೆಯನೊಬ್ಬ ಆಸ್ಟಿನ್ ಹೀಲಿ ಸ್ಪ್ರೈಟ್ ರೇಸ್ ಮಾಡುತ್ತಾನೆ, ಕಪ್ಪೆಗಣ್ಣಿನ ಹಾಗೆ ಲೈಟು ಬಾನೆಟ್ ಮೇಲೆ ಕೂತಿರುತ್ತದಲ್ಲ, 1958ರ ಆ ಮಾಡೆಲ್. ನಾವು ಮೂವರು ಅವನ ಕೈಯಾಳುಗಳು. ನಿಜ ಹೇಳಬೇಕು ಅಂದರೆ ಗೆಳೆಯರ ಜೊತೆ ವೀಕೆಂಡ್ ಅಂತ ಯಾರಾದರೂ ಅಂದರೆ ನನಗೆ ನೆನಪಾಗುವುದು ಇದೇ. ಟಿಕೆಟ್ ಕೊಂಡು ಬೇಲಿ ಆಚೆ ನಿಲ್ಲುವುದು ಬೇರೆ, ಅರ್ಧ ಗಂಟೆಯಲ್ಲಿ ವಾಟರ್ ಪಂಪೋ ಫ್ಯಾನ್ ಬೆಲ್ಟೋ ಬದಲಾಯಿಸಬೇಕು ಅಂತ ನಾಲ್ಕು ಜನ ಒಂದೇ ಎಂಜಿನ್ ಒಳಗೆ ತಲೆ ತೂರಿಸಿ ಬೈದಾಡುವುದು ಬೇರೆ.

ಕಾರು ಪುಟ್ಟದು. 948 ಸಿಸಿ ಎ-ಸೀರೀಸ್ ಎಂಜಿನ್, ಮಾರಿಸ್ ಮೈನರ್‌ನದೇ. ಹೊಸದಾಗಿದ್ದಾಗ 43 ಕುದುರೆ ಶಕ್ತಿ. ಹಿಂದೆ ಡಿಕ್ಕಿಗೆ ಬಾಗಿಲೇ ಇಲ್ಲ, ಸ್ಟೆಪ್ನಿ ಬೇಕು ಅಂದರೆ ಸೀಟಿನ ಹಿಂದಿನಿಂದ ತಲೆ ತೂರಿಸಿ ಎಳೆಯಬೇಕು. ಬೆಲೆ ಕಡಿಮೆ ಇರಲಿ ಅಂತ ಡೊನಾಲ್ಡ್ ಹೀಲಿ ಹಾಗೆ ಮಾಡಿದ್ದು. ತಮ್ಮಯ್ಯನವರು ಶ್ರೀಮಂತರ ಆಟ ಅಂದರಲ್ಲ, ಒಂದು ಮಟ್ಟಕ್ಕೆ ಒಪ್ಪುತ್ತೇನೆ. ಜಾಗ್ವಾರ್ ಡಿ-ಟೈಪ್ ಬೇರೆ ಲೋಕ. ಆದರೆ ಸ್ಪ್ರೈಟ್, ಎಂಜಿ ಮಿಜೆಟ್, ಆಸ್ಟಿನ್ ಸೆವೆನ್ ಓಡಿಸುವವರಲ್ಲಿ ಮೇಷ್ಟ್ರು, ಪ್ಲಂಬರ್, ರಿಟೈರ್ ಆದವರು ಎಲ್ಲ ಇದ್ದಾರೆ. ಬಡವರ ರೇಸ್ ಅನ್ನಲ್ಲ. ಪ್ರವೇಶ ಶುಲ್ಕ, ಟೈರು, ಟ್ರೈಲರ್ ಎಳೆಯುವ ಡೀಸೆಲ್ ಎಲ್ಲ ಸೇರಿದರೆ ಒಂದು ವೀಕೆಂಡಿಗೆ ಪರ್ಸ್ ಚೆನ್ನಾಗಿಯೇ ತೆಳ್ಳಗಾಗುತ್ತದೆ. 750 ಮೋಟಾರ್ ಕ್ಲಬ್ ಅಂತ ಒಂದಿದೆ, 1939ರಲ್ಲಿ ಆಸ್ಟಿನ್ ಸೆವೆನ್ ಓಡಿಸುವವರು ಕಟ್ಟಿದ್ದು. ಲೋಟಸ್ ಕಟ್ಟಿದ ಕಾಲಿನ್ ಚಾಪ್ಮನ್ ಮೊದಲು ಕೈ ಹಾಕಿದ್ದೂ ಒಂದು ಹಳೆ ಆಸ್ಟಿನ್ ಸೆವೆನ್ ಮೇಲೆಯೇ.

ವೀಕೆಂಡ್ ಹೇಗಿರುತ್ತದೆ ಅಂತ ಕೇಳಿ. ಶುಕ್ರವಾರ ಆಫೀಸ್ ಮುಗಿಸಿ ಟ್ರೈಲರ್‌ಗೆ ಕಾರು ಹತ್ತಿಸಿ, ಪಟ್ಟಿ ಬಿಗಿದು, ಬಿಗಿದದ್ದು ಸರಿ ಇದೆಯಾ ಅಂತ ಇನ್ನೊಬ್ಬ ನೋಡಿ, ಅವನು ನೋಡಿದ್ದು ಸರಿ ಇದೆಯಾ ಅಂತ ಕಾರಿನ ಮಾಲೀಕ ಮತ್ತೆ ನೋಡಿ, ಕೊನೆಗೆ ಕತ್ತಲಾದ ಮೇಲೆ ಹೊರಡುತ್ತೇವೆ. ಟ್ರ್ಯಾಕ್ ಪಕ್ಕದ ಹುಲ್ಲಿನ ಮೇಲೆ ಟೆಂಟ್. ಬೆಳಿಗ್ಗೆ ಎದ್ದ ಕೂಡಲೇ ತಪಾಸಣೆ. ಬ್ರೇಕು, ಸ್ಟಿಯರಿಂಗ್, ಸೀಟ್ ಬೆಲ್ಟು, ಬೆಂಕಿ ಆರಿಸುವ ಸಿಲಿಂಡರ್, ಎಂಜಿನ್ ಉಗುಳುವ ಎಣ್ಣೆ ಟ್ರ್ಯಾಕ್ ಮೇಲೆ ಬೀಳದ ಹಾಗೆ ಹಿಡಿಯುವ ಡಬ್ಬ, ಡ್ರೈವರ್‌ನ ಹೆಲ್ಮೆಟ್ಟು, ಬಟ್ಟೆ, ಒಂದೂ ಬಿಡಲ್ಲ. ಆಮೇಲೆ ಸೈಲೆನ್ಸರ್ ಸದ್ದು ಅಳೆಯುತ್ತಾರೆ. ಸುತ್ತಲಿನ ಹಳ್ಳಿಯವರ ಜೊತೆ ಮಾಡಿಕೊಂಡ ಒಪ್ಪಂದ ಇರುತ್ತದೆ, ಮಿತಿ ದಾಟಿದರೆ ಎಷ್ಟು ಬೇಡಿಕೊಂಡರೂ ಓಡಲು ಬಿಡಲ್ಲ.

ಅಭ್ಯಾಸದ ಸುತ್ತು ಮುಗಿಸಿ ಬಂದ ಕೂಡಲೇ ನಮ್ಮ ಕೆಲಸ. ಒಬ್ಬ ಟೈರ್ ಗಾಳಿ ನೋಡುತ್ತಾನೆ. ಒಬ್ಬ ಚಕ್ರದ ನಟ್ಟು ಬಿಗಿ ನೋಡುತ್ತಾನೆ. ನಾನು ಕಾರ್ಬುರೇಟರ್. ಒಂದು ರಬ್ಬರ್ ಕೊಳವೆಯ ಒಂದು ತುದಿ ಕಿವಿಗೆ, ಇನ್ನೊಂದು ತುದಿ ಕಾರ್ಬುರೇಟರ್ ಬಾಯಿಗೆ. ಎರಡರ ಬುಸ್ ಅನ್ನುವ ಸದ್ದು ಒಂದೇ ಥರ ಕೇಳಬೇಕು. ಫೋನಿನಲ್ಲಿ ಇದಕ್ಕೆ ಆಪ್ ಬಂದಿರಬಹುದು, ನನಗೆ ಕೊಳವೆಯೇ ಸರಿ. ಮಧ್ಯಾಹ್ನ ಇಪ್ಪತ್ತು ನಿಮಿಷದ ರೇಸ್. ಆ ಇಪ್ಪತ್ತು ನಿಮಿಷಕ್ಕೆ ಹಿಂದಿನ ಒಂದು ತಿಂಗಳ ಸಂಜೆಗಳೆಲ್ಲ ಹೋಗಿರುತ್ತವೆ. ಹೆಂಡತಿಗೆ ಹೇಳಿದರೆ ನಗುತ್ತಾಳೆ.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ರೆಡಿಂಗ್‌ನಿಂದ ಎಂ4 ಹಿಡಿದು ಪಶ್ಚಿಮಕ್ಕೆ ಹೋದರೆ ವಿಲ್ಟ್‌ಶೈರಿನ ಕಾಸಲ್ ಕೂಂಬ್ ಸಿಗುತ್ತದೆ. ಅದೂ ಹಳೆ ವಿಮಾನ ನೆಲೆಯೇ, 1950ರಲ್ಲಿ ಟ್ರ್ಯಾಕ್ ಆಯಿತು, 1.85 ಮೈಲಿ. ಅಲ್ಲಿ ಹಳೆ ಕಾರುಗಳಿಗೆ ಅಂತಲೇ ರೇಸ್ ದಿನಗಳಿರುತ್ತವೆ, ಅವರ ಕ್ಯಾಲೆಂಡರ್ ನೋಡಿ. ಕ್ವಾರಿ ತಿರುವಿನ ಹತ್ತಿರ ನಿಲ್ಲಿ. ಏವನ್ ರೈಸ್ ಅನ್ನುವ ದಿಬ್ಬ ಹತ್ತಿ ಇಳಿಯುವಾಗ ಕಾರು ಹಗುರವಾಗುತ್ತದೆ, ಅದೇ ಹೊತ್ತಿಗೆ ಬ್ರೇಕೂ ಒತ್ತಬೇಕು. ಹಳೆ ಕಾರಿಗೆ ಟೈರು ಸಣ್ಣ, ಹಿಡಿತ ಕಡಿಮೆ. ಹೊಸ ರೇಸ್ ಕಾರುಗಳು ಹಳಿ ಮೇಲೆ ಹೋದ ಹಾಗೆ ಹೋಗಿಬಿಡುತ್ತವೆ, ಇವು ನಾಲ್ಕೂ ಚಕ್ರದ ಮೇಲೆ ನಿಧಾನಕ್ಕೆ ಜಾರುತ್ತಾ ಹೋಗುತ್ತವೆ. ಮೇಲೆ ಮುಚ್ಚಿಗೆ ಇಲ್ಲದ ಕಾರಾದ್ದರಿಂದ ಡ್ರೈವರ್ ಸ್ಟಿಯರಿಂಗ್ ಜೊತೆ ಒದ್ದಾಡುವ ಕೈಗಳೂ ಕಾಣುತ್ತವೆ. ಗಂಟೆಗೆ ಎಂಬತ್ತು ಮೈಲಿಯಲ್ಲಿ ಹೋಗುವ ಸ್ಪ್ರೈಟ್ ನೋಡಲು ಇನ್ನೂರು ಮೈಲಿಯ ಕಾರಿಗಿಂತ ಚೆನ್ನ ಅಂತ ನಾನು ವಾದ ಮಾಡುವುದು ಇದೇ ಕಾರಣಕ್ಕೆ.

ತಕರಾರು_ತಮ್ಮಯ್ಯ

ಸ್ವಾಮಿ, ಪ್ಲಂಬರ್ ಮಾತು ಒಪ್ಪಿದೆ. ಆದರೂ ಆ ದೊಡ್ಡ ಕಾರುಗಳನ್ನು ರೇಸಿಗೆ ಇಳಿಸುವುದು ತಪ್ಪು ಅಂತಲೇ ನನ್ನ ಅಭಿಪ್ರಾಯ. ಅವು ಪರಂಪರೆ ಅಲ್ವಾ? 1953ರಲ್ಲಿ ಫ್ರಾನ್ಸಿನ ಲೆ ಮಾನ್ಸ್ 24 ಗಂಟೆ ರೇಸಿನಲ್ಲಿ ಸಿ-ಟೈಪ್ ಗೆದ್ದದ್ದು ಡಿಸ್ಕ್ ಬ್ರೇಕ್ ಇದ್ದದ್ದರಿಂದ. ಇವತ್ತು ನಮ್ಮ ಬೈಕುಗಳಲ್ಲೂ ಡಿಸ್ಕ್ ಇದೆ ಅಂದರೆ ಅದರ ಹಿಂದೆ ಇಂಥ ಕಾರುಗಳಿವೆ. ಅಂಥದ್ದನ್ನು ಗೋಡೆಗೆ ಗುದ್ದಿಸಿ ಮತ್ತೆ ತಗಡು ಬಡಿದು ಕೂರಿಸುತ್ತಾ ಹೋದರೆ ಕೊನೆಗೆ ಮೂಲದ್ದು ಅಂತ ಉಳಿಯುವುದು ನಂಬರ್ ಪ್ಲೇಟ್ ಮಾತ್ರ.

ಸ್ಪ್ಯಾನರ್_ಸ್ವಾಮಿ

ಆ ತಗಡು ಬಡಿಯುವ ಕೈ ಉಳಿದಿರುವುದೇ ಇವು ಗುದ್ದಿಕೊಳ್ಳುವುದರಿಂದ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಅಲ್ಯೂಮಿನಿಯಂ ಹಾಳೆಯನ್ನು ಕೈಯಲ್ಲೇ ಬಡಿದು ಮಡ್‌ಗಾರ್ಡ್ ಮಾಡುವವರು, ತಂತಿ ಚಕ್ರಕ್ಕೆ ಕಡ್ಡಿ ಕೂರಿಸುವವರು, ಗೇರ್‌ಬಾಕ್ಸ್ ಬಿಚ್ಚುವವರು, ಇವರಿಗೆಲ್ಲ ವರ್ಷಪೂರ್ತಿ ಕೆಲಸ ಕೊಡುವುದು ರೇಸ್. ಗಾಜಿನ ಪೆಟ್ಟಿಗೆಯಲ್ಲಿ ನಿಂತ ಕಾರಿಗೆ ಬಟ್ಟೆ ಹಿಡಿದು ಒರೆಸುವವನೊಬ್ಬ ಸಾಕು. ನೀವೂ ನಾನೂ ಇದರಲ್ಲಿ ಒಪ್ಪುವುದು ಕಷ್ಟ, ಬಿಡಿ.

ರೆಡಿಂಗ್_ರಾಘು

ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ಮೆಕ್ಯಾನಿಕ್ ಸಾರ್ ಬರೆದದ್ದನ್ನು ಮಾವನವರಿಗೆ ಫೋನಿನಲ್ಲಿ ಓದಿ ಹೇಳಿದೆ. ಸ್ವಿಂಗ್ ಆಕ್ಸಲ್ ಅಂದ ಕೂಡಲೇ ಶಿರಾಡಿ ಘಾಟಿ ಕತೆ ಶುರುವಾಯಿತು, ಮುಗಿಯುವ ಹೊತ್ತಿಗೆ ನನ್ನ ಊಟ ಆರಿಹೋಗಿತ್ತು.

ಸದ್ಯಕ್ಕೆ ಯೋಚನೆ ಹೀಗಿದೆ. ಕಾಸಲ್ ಕೂಂಬ್‌ನಲ್ಲಿ ಹಳೆ ಕಾರುಗಳ ರೇಸ್ ಇರುವ ದಿನ ನಾವೆಲ್ಲ ಹೋಗುವುದು. ರಿವೈವಲ್‌ಗೆ ಶುಕ್ರವಾರ ಒಂದು ದಿನ ಮಾತ್ರ, ಮಾವ, ಅತ್ತೆ, ನಾನು, ನನ್ನ ಹೆಂಡತಿ. ಎರಡು ಪ್ರಶ್ನೆ ಉಳಿದಿವೆ. ರಿವೈವಲ್‌ಗೆ ಹಳೆ ಕಾಲದ ಬಟ್ಟೆ ಹಾಕಲೇಬೇಕಾ? ಅತ್ತೆ ಫ್ರಾಕ್ ಹಾಕುವ ಪೈಕಿ ಅಲ್ಲ. ಇನ್ನೊಂದು, ಟ್ರ್ಯಾಕ್ ಪಕ್ಕ ಕಿತ್ತಳೆ ಬಟ್ಟೆ ಹಾಕಿಕೊಂಡು ಬಾವುಟ ಹಿಡಿದು ನಿಲ್ಲುತ್ತಾರಲ್ಲ, ಆ ಕೆಲಸಕ್ಕೆ ನಮ್ಮಂಥವರು ಸೇರಬಹುದಾ? ಪುತ್ತೂರಿನವನಿಗೆ ಅದರ ಮೇಲೆ ಕಣ್ಣು.

ಸಸೆಕ್ಸ್_ಶಾಲಿನಿ

ಕಡ್ಡಾಯ ಅಲ್ಲ, ಆದರೆ ಬಹಳ ಜನ ಹಾಕುತ್ತಾರೆ. ಹಾಕದಿದ್ದರೆ ನಿಮಗೇ ಒಂಥರಾ ಆಗುತ್ತದೆ. 1940ರಿಂದ 60ರ ದಶಕದವರೆಗಿನ ಬಟ್ಟೆ ಆದರಾಯಿತು. ಅದು ಇಂಗ್ಲಿಷರ ಬಟ್ಟೆಯೇ ಆಗಬೇಕು ಅಂತ ಎಲ್ಲಿದೆ? ಅತ್ತೆಯವರಿಗೆ ಮೈಸೂರು ರೇಷ್ಮೆ ಸೀರೆ, ಪಫ್ ತೋಳಿನ ಕುಪ್ಪಸ. ಮಾವನವರಿಗೆ ಕಚ್ಚೆ ಪಂಚೆ, ಮುಚ್ಚು ಕಾಲರ್ ಕೋಟು, ಕರಿ ಟೋಪಿ. 1950ರಲ್ಲಿ ಮೈಸೂರಿನ ವಕೀಲರು, ಮೇಷ್ಟ್ರುಗಳು ಹಾಗೇ ತಾನೇ ಓಡಾಡುತ್ತಿದ್ದದ್ದು. ನಾನು ಅಮ್ಮನ ಹಳೆ ಸೀರೆ ಉಟ್ಟು ಹೋಗಿದ್ದೆ, ಫೋಟೋ ಕೇಳಿದವರನ್ನು ದಾಟಿಕೊಂಡು ಕುರ್ಚಿ ಹತ್ತಿರ ಬರುವುದೇ ಸಾಹಸ ಆಯಿತು. ಚಪ್ಪಲಿ ಮಾತ್ರ ಗಟ್ಟಿ ಇರಲಿ, ಮಳೆ ಬಂದರೆ ಹುಲ್ಲೆಲ್ಲ ಕೆಸರು. ಒಂದು ಶಾಲು, ಕಿವಿಗೆ ಹತ್ತಿ ಅಥವಾ ಇಯರ್ ಪ್ಲಗ್, ಇವನ್ನು ಮರೆಯಬೇಡಿ.

ಮಳೆ ಜೋರಾಗಿ ಹಿಡಿದು ಯೋಜನೆ ಕೆಟ್ಟರೆ ಮುಂದಿನ ವಾರ ವೇಬ್ರಿಡ್ಜ್‌ನ ಬ್ರೂಕ್‌ಲ್ಯಾಂಡ್ಸ್‌ಗೆ ಕರೆದುಕೊಂಡು ಹೋಗಿ, ಅದೂ ನಿಮಗೆ ಹತ್ತಿರ. ರೇಸಿಗೆ ಅಂತಲೇ 1907ರಲ್ಲಿ ಕಟ್ಟಿದ ಟ್ರ್ಯಾಕ್. 1939ರಲ್ಲಿ ಯುದ್ಧ ಬಂದು ನಿಂತದ್ದು ಮತ್ತೆ ಶುರುವಾಗಲೇ ಇಲ್ಲ. ಗೋಡೆಯ ಹಾಗೆ ಮೇಲೆದ್ದ ಕಾಂಕ್ರೀಟ್ ತಿರುವಿನ ಒಂದಷ್ಟು ಭಾಗ ಹಾಗೇ ಇದೆ, ಕಾಲಿನಿಂದ ಹತ್ತಲೇ ಕಷ್ಟ. ಅದರ ಮೇಲೆ ಜಾನ್ ಕಾಬ್ 1935ರಲ್ಲಿ 24 ಲೀಟರ್ ವಿಮಾನದ ಎಂಜಿನ್ ಕೂರಿಸಿದ ನೇಪಿಯರ್ ರೇಲ್ಟನ್ ಓಡಿಸಿ ಗಂಟೆಗೆ 143 ಮೈಲಿ ಮುಟ್ಟಿಸಿದ. ಆ ಕಾರೂ ಅಲ್ಲೇ ಮ್ಯೂಸಿಯಂನಲ್ಲಿದೆ.

ಸ್ಪ್ಯಾನರ್_ಸ್ವಾಮಿ

ಬಾವುಟದವರನ್ನು ಮಾರ್ಷಲ್ ಅನ್ನುತ್ತಾರೆ. ಖಂಡಿತ ಸೇರಬಹುದು, ಅವರೆಲ್ಲ ಸಂಬಳ ಇಲ್ಲದ ಸ್ವಯಂಸೇವಕರೇ, ಯಾವ ಕ್ಲಬ್ಬಿಗೂ ಸಾಕಾಗುವಷ್ಟು ಜನ ಸಿಗುತ್ತಿಲ್ಲ. ಇಲ್ಲಿನ ಮೋಟಾರ್ ರೇಸ್ ನೋಡಿಕೊಳ್ಳುವ ಸಂಸ್ಥೆ ಮೋಟಾರ್‌ಸ್ಪೋರ್ಟ್ ಯುಕೆಯಲ್ಲಿ ಹೆಸರು ನೋಂದಾಯಿಸಿ, ಆನ್‌ಲೈನ್ ಪಾಠ ಮುಗಿಸಿದರೆ ಮೊದಲು ಅನುಭವ ಇದ್ದವರ ಜೊತೆ ಒಂದು ಪೋಸ್ಟಿನಲ್ಲಿ ನಿಲ್ಲಿಸುತ್ತಾರೆ. ಹಳದಿ ಬಾವುಟ ಅಂದರೆ ಮುಂದೆ ಅಪಾಯ, ನೀಲಿ ಅಂದರೆ ಹಿಂದಿನಿಂದ ವೇಗದ ಕಾರು ಬರುತ್ತಿದೆ, ಕೆಂಪು ಅಂದರೆ ರೇಸ್ ನಿಂತಿತು. ಹಳದಿ ಮೇಲೆ ಕೆಂಪು ಪಟ್ಟಿ ಇದ್ದರೆ ಟ್ರ್ಯಾಕ್ ಜಾರುತ್ತಿದೆ ಅಂತ. ಹಳೆ ಬ್ರಿಟಿಷ್ ಕಾರುಗಳ ದಿನ ಈ ಕೊನೆಯದಕ್ಕೆ ಕೆಲಸ ಜಾಸ್ತಿ, ಎಣ್ಣೆ ಸುರಿಸದ ಕಾರು ಸಿಗಬೇಕಲ್ಲ!

ಟ್ರ್ಯಾಕಿಗೆ ಇದಕ್ಕಿಂತ ಹತ್ತಿರ ನಿಲ್ಲಲು ಬೇರೆ ದಾರಿ ಇಲ್ಲ. ಆದರೆ ಬೆಳಿಗ್ಗೆ ಬೇಗ ಹೋಗಬೇಕು, ಸಂಜೆವರೆಗೆ ನಿಲ್ಲಬೇಕು, ಮಳೆ ಅಂತ ಒಳಗೆ ಓಡುವ ಹಾಗಿಲ್ಲ. ಗೆಳೆಯನಿಗೆ ಹೇಳಿ: ಒಳ್ಳೆಯ ರೇನ್ ಕೋಟು, ಬೂಟು, ಬುತ್ತಿ ತಗೊಂಡು ಬರಲಿ. ನೈಲಾನ್ ಬಟ್ಟೆ ಬೇಡ, ಬೆಂಕಿ ಹತ್ತಿದರೆ ಮೈಗೆ ಅಂಟುತ್ತದೆ, ಹತ್ತಿಯದೇ ಹಾಕಲಿ. ಕಾಸಲ್ ಕೂಂಬ್‌ಗೆ ಯಾವ ದಿನ ಅಂತ ಗೊತ್ತಾದ ಮೇಲೆ ಇಲ್ಲೇ ಬರೆಯಿರಿ, ನಮ್ಮ ಸ್ಪ್ರೈಟ್ ಆವತ್ತು ಅಲ್ಲಿ ಇದ್ದರೆ ಪ್ಯಾಡಾಕ್ ಕಡೆ ಬನ್ನಿ. ಮಾವನವರಿಗೆ ಕುರ್ಚಿ ಇದೆ, ನಿಮಗೆ ಜ್ಯಾಕ್ ಹಿಡಿಯುವ ಕೆಲಸ ಇದೆ.